ಆರ್ಕಿ ಜೊತೆ ಎಂಟು ತಿಂಗಳು: ಟೋಗಾಫ್ ಪಾಠ ಕೈಗೆ ಹತ್ತಿದ್ದು ಇಲ್ಲಿ

ಆರ್ಕಿ ಒಂದು ಉಚಿತ ತಂತ್ರಾಂಶ. ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಮಾಡೆಲ್, ಅಂದರೆ ಒಂದು ಸಂಸ್ಥೆಯ ಕೆಲಸ, ಮಾಹಿತಿ, ತಂತ್ರಾಂಶಗಳ ನಕ್ಷೆ, ಬರೆಯಲು ಮಾಡಿದ್ದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ದುಡ್ಡು ಬೇಡ, ಲೈಸೆನ್ಸ್ ಕೀ ಬೇಡ, ಡೌನ್‌ಲೋಡ್ ಮಾಡಿ ತೆರೆದರೆ ಆಯಿತು. ನಾನು ಎಂಟು ತಿಂಗಳಿಂದ ಹೆಚ್ಚುಕಮ್ಮಿ ದಿನಾ ಬಳಸುತ್ತಿದ್ದೇನೆ, ಮತ್ತು ಈ ಎಂಟು ತಿಂಗಳಲ್ಲಿ ನನಗೆ ಟೋಗಾಫ್ (ಈ ಕೆಲಸ ಮಾಡುವ ಕ್ರಮ ಹೇಳುವ ಚೌಕಟ್ಟು) ಅರ್ಥವಾದಷ್ಟು ಅದಕ್ಕೂ ಮುಂಚೆ ಪರೀಕ್ಷೆಗೆ ಓದುವಾಗ ಅರ್ಥವಾಗಿರಲಿಲ್ಲ. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು. ಕನ್ನಡದಲ್ಲಿ ಈ ವಿಷಯದ ಬಗ್ಗೆ ಹುಡುಕಿದರೆ ಜಾಸ್ತಿ ಏನೂ ಸಿಗುವುದಿಲ್ಲ, ಆದರೆ ಈ ಕೆಲಸ ಮಾಡುವ ಕನ್ನಡಿಗರು ಬೆಂಗಳೂರಿನ ಕಚೇರಿಗಳಲ್ಲಿ ಬೇಕಾದಷ್ಟು ಜನ ಇದ್ದೇವೆ ಅಲ್ವಾ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ಸಣ್ಣ ತಂಡ ಒಂದು ಡೇರಿ ಸಂಸ್ಥೆಗೆ ಕೆಲಸ ಮಾಡುತ್ತಿದೆ. ಹೆಸರು ಬೇಡ. ಊರೂರಿನಲ್ಲಿ ಹಾಲು ಸಂಗ್ರಹ ಕೇಂದ್ರಗಳಿವೆ, ಬೆಳಿಗ್ಗೆ ಸಂಜೆ ಹಾಲು ಬರುತ್ತದೆ, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಅಳೆಯುತ್ತಾರೆ, ಅದರ ಮೇಲೆ ದರ ಕಟ್ಟುತ್ತಾರೆ, ಹದಿನೈದು ದಿನಕ್ಕೊಮ್ಮೆ ರೈತರ ಖಾತೆಗೆ ಹಣ ಹೋಗಬೇಕು. ಕೇಳಲು ಸರಳ. ಒಳಗೆ ಹೋಗಿ ನೋಡಿದರೆ ಕೇಂದ್ರದಲ್ಲಿ ಒಂದು ತಂತ್ರಾಂಶ, ಲೆಕ್ಕಪತ್ರ ವಿಭಾಗದಲ್ಲಿ ಇನ್ನೊಂದು, ಪಶು ಆಹಾರದ ಸಾಲಕ್ಕೆ ಎಕ್ಸೆಲ್ ಹಾಳೆ, ವಿಮೆಗೆ ಮತ್ತೊಂದು ಎಕ್ಸೆಲ್. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಪ್ರತಿಯೊಂದನ್ನೂ ಯಾರೋ ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದರು. ಆದರೆ ಒಟ್ಟಾಗಿ ನೋಡಿದವರು ಯಾರೂ ಇರಲಿಲ್ಲ. ಆ ಒಟ್ಟಾಗಿ ನೋಡುವ ಕೆಲಸಕ್ಕೇ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅನ್ನುವುದು: ಸಂಸ್ಥೆ ಏನು ಮಾಡುತ್ತದೆ, ಅದಕ್ಕೆ ಯಾವ ಮಾಹಿತಿ ಬೇಕು, ಯಾವ ತಂತ್ರಾಂಶ ಆ ಮಾಹಿತಿಯನ್ನು ಹಿಡಿದಿದೆ, ಅದು ಯಾವ ಯಂತ್ರದ ಮೇಲೆ ಓಡುತ್ತದೆ. ಟೋಗಾಫ್‌ನಲ್ಲಿ ಇವೇ ನಾಲ್ಕು ವಿಭಾಗಗಳು. ಬಿಸಿನೆಸ್, ಡೇಟಾ, ಅಪ್ಲಿಕೇಶನ್, ಟೆಕ್ನಾಲಜಿ.

ಟೋಗಾಫ್ ಎಂಬುದು ದಿ ಓಪನ್ ಗ್ರೂಪ್ ಸಂಸ್ಥೆಯ ಚೌಕಟ್ಟು. 1995ರಲ್ಲಿ ಮೊದಲ ಆವೃತ್ತಿ ಬಂತು, ಅದಕ್ಕೆ ಬುನಾದಿ ಅಮೆರಿಕದ ರಕ್ಷಣಾ ಇಲಾಖೆಯ ಟ್ಯಾಫಿಮ್ ಎಂಬ ಹಳೆಯ ಚೌಕಟ್ಟು. ಈಗ ಇರುವುದು 10ನೇ ಆವೃತ್ತಿ, 2022ರಲ್ಲಿ ಬಂದದ್ದು. ನಾನು ಇದನ್ನು ಕಲಿತದ್ದು ಒಂದು ತರಬೇತಿ ಕೇಂದ್ರದಲ್ಲಿ, ನಾಲ್ಕು ದಿನದ ತರಗತಿ. ಅಲ್ಲಿ ನನಗೆ ಸಿಕ್ಕಿದ್ದು ಬರೀ ಸ್ಲೈಡುಗಳು. ಎಡಿಎಂ, ಅಂದರೆ ಟೋಗಾಫ್ ಹೇಳುವ ಕೆಲಸದ ಹಂತಗಳು, ಅದರ ಚಕ್ರದ ಚಿತ್ರ ತೋರಿಸಿ, ಎ ಅಂದರೆ ಏನು, ಬಿ ಅಂದರೆ ಏನು, ಇನ್‌ಪುಟ್ ಯಾವುದು, ಔಟ್‌ಪುಟ್ ಯಾವುದು ಅಂತ ಬಾಯಿಪಾಠ ಮಾಡಿಸಿದರು. ಪರೀಕ್ಷೆಗೆ ಅಷ್ಟು ಸಾಕು. ಫೌಂಡೇಶನ್ ಹಂತದಲ್ಲಿ 40 ಪ್ರಶ್ನೆ, ಒಂದು ಗಂಟೆ, ಶೇ 60 ಬಂದರೆ ಪಾಸು. ಮೇಲಿನ ಹಂತದಲ್ಲಿ ಒಂದೊಂದು ಸನ್ನಿವೇಶ ಕೊಟ್ಟು 8 ಪ್ರಶ್ನೆ ಕೇಳುತ್ತಾರೆ, ಪುಸ್ತಕ ನೋಡಿಕೊಂಡು ಬರೆಯಬಹುದು. ಎರಡೂ ಪಾಸಾದೆ. ಆಮೇಲೆ ಡೇರಿಯ ಸಭೆಗೆ ಹೋಗಿ ಕುಳಿತಾಗ ಒಂದು ಸಾಲೂ ಬರೆಯಲು ತಿಳಿಯಲಿಲ್ಲ. ಆ ದಿನ ನಿಜಕ್ಕೂ ಬೇಜಾರಾಗಿತ್ತು. ಇಷ್ಟು ದುಡ್ಡು, ಇಷ್ಟು ಓದು, ಆದರೂ ಎದುರಿಗಿದ್ದ ಲೆಕ್ಕಪತ್ರ ಅಧಿಕಾರಿ ಕೇಳಿದ ಸಾದಾ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವರು ಕೇಳಿದ ಪ್ರಶ್ನೆ ಇದು: 'ರೈತರ ಬ್ಯಾಂಕ್ ಖಾತೆ ನಂಬರು ನಮ್ಮಲ್ಲಿ ಎಷ್ಟು ಕಡೆ ಇದೆ?'

ಈ ಪ್ರಶ್ನೆಯ ಹಿಂದೆ ಒಂದು ಕಥೆ ಇದೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದಕ್ಕೆ ಸರಿಯಾಗಿ ಒಂದು ವರ್ಷ ಮುಂಚೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತ್ತು. ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಹೋಯಿತು. ಮೂರೂ ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು, ಹಳ್ಳಿಹಳ್ಳಿಯಲ್ಲಿ ಜನರಿಗೆ ಖಾತೆ ಇದ್ದದ್ದು ಇವುಗಳಲ್ಲೇ. ವಿಲೀನದ ಮೇಲೆ ಶಾಖೆಗಳ ಐಎಫ್‌ಎಸ್‌ಸಿ ಬದಲಾಯಿತು, ಸಿಂಡಿಕೇಟಿನ ಹಳೆಯ ಕೋಡುಗಳು 2021ರ ಜೂನ್ ಕೊನೆಯವರೆಗೆ ಮಾತ್ರ ನಡೆದವು. ಬ್ಯಾಂಕುಗಳು ಮುಂಚೆಯೇ ತಿಳಿಸಿದ್ದವು. ಡೇರಿಯವರು ಲೆಕ್ಕಪತ್ರದ ತಂತ್ರಾಂಶದಲ್ಲಿ ಎಲ್ಲವನ್ನೂ ತಿದ್ದಿದರು. ಆದರೂ ಜುಲೈನಲ್ಲಿ ಕೆಲವರ ಹಣ ವಾಪಸ್ ಬಂತು, ಆಮೇಲೆ ವಿಮೆಯ ಹಣವೂ ವಾಪಸ್ ಬಂತು. ಹಾಲಿನ ಹಣ ನಂಬಿಕೊಂಡು ಬದುಕುವ ಮನೆಗೆ ಹದಿನೈದು ದಿನ ತಡ ಅಂದರೆ ಏನು ಅಂತ ಹಳ್ಳಿಯಿಂದ ಬಂದವರಿಗೆ ಹೇಳಬೇಕಾಗಿಲ್ಲ. ಆ ಅಧಿಕಾರಿಗೆ ಸಭೆಯ ದಿನಕ್ಕೂ ಅದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಎಲ್ಲಿ ತಪ್ಪಿದೆ ಅಂತ ಆಗ ಕೊನೆಗೂ ಹೇಗೋ ಹುಡುಕಿ ಸರಿಮಾಡಿದ್ದರು, ಆದರೆ ಯಾವ ದಾರಿಯಲ್ಲಿ ತಪ್ಪಿತು ಎನ್ನುವುದು ಯಾರೂ ಬರೆದಿಟ್ಟಿರಲಿಲ್ಲ.

ನಾನು ಆರ್ಕಿ ಇಳಿಸಿಕೊಂಡದ್ದು ಆ ಸಭೆಯ ರಾತ್ರಿ. ಅದರ ಹಿನ್ನೆಲೆ ಎರಡು ಮಾತಿನಲ್ಲಿ: ಇಂಗ್ಲೆಂಡಿನ ಬೋಲ್ಟನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ 2010ರಲ್ಲಿ ಹೊರಬಂದ ತಂತ್ರಾಂಶ, ಮೂಲ ಕೋಡ್ ಎಲ್ಲರಿಗೂ ಮುಕ್ತ, ಎಂಐಟಿ ಲೈಸೆನ್ಸ್. ಅದು ಬಳಸುವ ಭಾಷೆ ಆರ್ಕಿಮೇಟ್. ಆ ಭಾಷೆ ಹುಟ್ಟಿದ್ದು ನೆದರ್ಲೆಂಡ್ಸ್‌ನಲ್ಲಿ, ಈಗ ಅದೂ ಓಪನ್ ಗ್ರೂಪ್ ಕೈಯಲ್ಲಿದೆ. ಟೋಗಾಫ್ ಬೇರೆ, ಆರ್ಕಿಮೇಟ್ ಬೇರೆ, ಆರ್ಕಿ ಬೇರೆ. ಹೊಸಬರು ಈ ಮೂರನ್ನೂ ಕಲಸಿಕೊಳ್ಳುತ್ತಾರೆ, ನಾನೂ ಹಾಗೇ ಮಾಡಿದ್ದೆ. ಯಾವ ಪ್ರಶ್ನೆಯನ್ನು ಯಾವಾಗ ಕೇಳಬೇಕು ಅಂತ ಹೇಳುವುದು ಟೋಗಾಫ್. ಬಂದ ಉತ್ತರವನ್ನು ಬರೆಯುವ ವ್ಯಾಕರಣ ಆರ್ಕಿಮೇಟ್. ಬರೆಯುವ ಹಲಗೆ ಆರ್ಕಿ.

ತೆರೆದಾಗ ಪರದೆ ನೋಡಿ ಗಾಬರಿಯಾಗಬೇಡಿ. ಎಡಗಡೆ ಮಾಡೆಲ್ ಮರ, ಬಲಗಡೆ ಅಷ್ಟೂ ಚಿಹ್ನೆಗಳ ಪೆಟ್ಟಿಗೆ, ಕೆಳಗೆ ಪ್ರಾಪರ್ಟೀಸ್. ಚಿಹ್ನೆಗಳು ತುಂಬಾ ಇವೆ. ಬಣ್ಣ ನೋಡಿಕೊಂಡರೆ ದಾರಿ ಸಿಗುತ್ತದೆ: ಹಳದಿ ಇದ್ದದ್ದು ಬಿಸಿನೆಸ್, ನೀಲಿ ಅಪ್ಲಿಕೇಶನ್, ಹಸಿರು ಟೆಕ್ನಾಲಜಿ. ಜೊತೆಗೆ ಆರ್ಕಿಶ್ಯೂರೆನ್ಸ್ ಅಂತ ಒಂದು ಕಾಲ್ಪನಿಕ ವಿಮಾ ಕಂಪನಿಯ ಮಾದರಿ ಕೊಟ್ಟಿರುತ್ತಾರೆ. ಅದನ್ನು ಒಮ್ಮೆ ತೆರೆದು ನೋಡಿ, ಆದರೆ ಅದರಲ್ಲೇ ಮುಳುಗಬೇಡಿ. ಬೇರೆಯವರ ಮನೆ ನೋಡಿದರೆ ನಮ್ಮ ಮನೆಯ ಸಮಸ್ಯೆ ತಿಳಿಯುವುದಿಲ್ಲ.

ನಾನು ಒಂದೇ ಪ್ರಶ್ನೆ ಇಟ್ಟುಕೊಂಡೆ. ಖಾತೆ ನಂಬರು. ಮಧ್ಯದಲ್ಲಿ 'ರೈತರ ಬ್ಯಾಂಕ್ ವಿವರ' ಅಂತ ಒಂದು ಡೇಟಾ ಆಬ್ಜೆಕ್ಟ್, ಅಂದರೆ ಮಾಹಿತಿಯ ಚೌಕ, ಹಾಕಿದೆ. ಸುತ್ತ ನಾಲ್ಕು ಅಪ್ಲಿಕೇಶನ್ ಕಾಂಪೊನೆಂಟ್, ಅಂದರೆ ತಂತ್ರಾಂಶದ ಚೌಕ: ಸಂಗ್ರಹ ಕೇಂದ್ರದ ತಂತ್ರಾಂಶ, ಲೆಕ್ಕಪತ್ರ, ಆಹಾರ ಸಾಲದ ಹಾಳೆ, ವಿಮೆಯ ಹಾಳೆ. ಎಕ್ಸೆಲ್ ಹಾಳೆಯನ್ನೂ ಅಪ್ಲಿಕೇಶನ್ ಅಂತ ಬರೆಯಬಹುದಾ ಅಂತ ಒಂದು ಗಂಟೆ ಯೋಚಿಸಿದೆ. ಬರೆಯಬೇಕು. ಆ ಹಾಳೆಯಿಂದ ಹಣ ಹೋಗುತ್ತದೆ ಅಂದಮೇಲೆ ಅದು ಅಪ್ಲಿಕೇಶನ್ನೇ. ಈ ಕಡೆಯಿಂದ ಆ ಕಡೆಗೆ ಗೆರೆ ಎಳೆಯಲು ಮ್ಯಾಜಿಕ್ ಕನೆಕ್ಟರ್ ಅಂತ ಒಂದು ಸಾಧನ ಇದೆ. ಎರಡು ಚೌಕದ ನಡುವೆ ಎಳೆದರೆ ಅವೆರಡರ ನಡುವೆ ಯಾವ ಸಂಬಂಧಗಳು ಸಾಧ್ಯವೋ ಅಷ್ಟನ್ನೇ ಪಟ್ಟಿಯಾಗಿ ತೋರಿಸುತ್ತದೆ. ನಾನು ಅಕ್ಸೆಸ್, ಅಂದರೆ ತಂತ್ರಾಂಶ ಮಾಹಿತಿಯನ್ನು ಬಳಸುವ ಸಂಬಂಧ, ಆರಿಸಿಕೊಂಡೆ. ಕೆಳಗೆ ಪ್ರಾಪರ್ಟೀಸ್‌ನಲ್ಲಿ ಅದು ಓದುತ್ತದೆಯೇ, ಬರೆಯುತ್ತದೆಯೇ, ಎರಡೂ ಮಾಡುತ್ತದೆಯೇ ಅಂತ ಕೇಳುತ್ತದೆ.

ಇಲ್ಲಿ ನಿಂತುಬಿಟ್ಟೆ. ಯಾಕೆಂದರೆ ಆ ಒಂದು ಸಣ್ಣ ಆಯ್ಕೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ವಿಮೆಯ ಹಾಳೆ ಖಾತೆ ವಿವರವನ್ನು ಎಲ್ಲಿಂದ ತೆಗೆದುಕೊಳ್ಳುತ್ತದೆ? ಮರುದಿನ ಹೋಗಿ ಕೇಳಿದೆ. ವರ್ಷಕ್ಕೊಮ್ಮೆ ಕೇಂದ್ರದ ತಂತ್ರಾಂಶದಿಂದ ನಕಲು ಮಾಡಿ ತರುತ್ತಾರೆ, ಆಮೇಲೆ ಕೈಯಿಂದ ತಿದ್ದುತ್ತಾರೆ. ಕೇಂದ್ರದ ತಂತ್ರಾಂಶ? ಹೊಸ ರೈತ ಸೇರಿದಾಗ ಅಲ್ಲೇ ಮೊದಲು ಬರೆಯುತ್ತಾರೆ. ಲೆಕ್ಕಪತ್ರ? ಅಲ್ಲಿಂದ ದಿನಾ ತರಿಸಿಕೊಳ್ಳುತ್ತದೆ. ಅಂದರೆ ಆಗ ತಿದ್ದಿದ್ದು ಲೆಕ್ಕಪತ್ರದಲ್ಲಿ, ಆದರೆ ಮೂಲ ಇದ್ದದ್ದು ಕೇಂದ್ರದಲ್ಲಿ. ಮರುದಿನ ಅದೇ ಹಳೆಯ ಐಎಫ್‌ಎಸ್‌ಸಿ ಕೇಂದ್ರದಿಂದ ವಾಪಸ್ ಬಂದು ಹೊಸದರ ಮೇಲೆ ಕುಳಿತಿತ್ತು. ವಿಮೆಯ ಹಾಳೆಯ ನಕಲಂತೂ ಹಿಂದಿನ ವರ್ಷದ್ದು. ನಾಲ್ಕು ಚೌಕ, ನಾಲ್ಕು ಬಾಣ, ಅಷ್ಟೇ ಚಿತ್ರ. ಅದನ್ನು ಪ್ರಿಂಟ್ ತೆಗೆದು ಆ ಅಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ತುಂಬಾ ಹೊತ್ತು ನೋಡಿದರು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಐದನೇ ಚೌಕ ಬರೆದರು. ಪಶು ವೈದ್ಯಕೀಯ ಶಿಬಿರದ ಸಹಾಯಧನಕ್ಕೆ ಇನ್ನೊಂದು ಪಟ್ಟಿ ಇದೆಯಂತೆ, ಅದು ನನಗೆ ಯಾರೂ ಹೇಳಿರಲಿಲ್ಲ.

ಟೋಗಾಫ್‌ನಲ್ಲಿ ಸ್ಟೇಕ್‌ಹೋಲ್ಡರ್, ಕನ್ಸರ್ನ್, ವ್ಯೂ ಅಂತ ಮೂರು ಪದ ಪದೇ ಪದೇ ಬರುತ್ತವೆ. ತರಗತಿಯಲ್ಲಿ ವ್ಯಾಖ್ಯಾನ ಬರೆದುಕೊಂಡಿದ್ದೆ. ಅರ್ಥವಾದದ್ದು ಈ ಮೇಜಿನ ಹತ್ತಿರ. ಸ್ಟೇಕ್‌ಹೋಲ್ಡರ್ ಅಂದರೆ ಆ ಅಧಿಕಾರಿ. ಕನ್ಸರ್ನ್ ಅಂದರೆ ಅವರಿಗೆ ನಿದ್ದೆ ಕೆಡಿಸಿದ ಆ ಪ್ರಶ್ನೆ. ವ್ಯೂ ಅಂದರೆ ಆ ಪ್ರಶ್ನೆಗೆ ಉತ್ತರವಾಗಿ ಬರೆದ ಒಂದು ಹಾಳೆ. ಪ್ರಶ್ನೆ ಇಲ್ಲದೆ ಬರೆದ ಚಿತ್ರ ಗೋಡೆಗೆ ಅಂಟಿಸಲು ಚೆಂದ, ಬೇರೆ ಯಾವುದಕ್ಕೂ ಬರುವುದಿಲ್ಲ.

ಸರಿ, ಬರೀ ಚಿತ್ರ ಬರೆಯಲು ಪವರ್‌ಪಾಯಿಂಟ್ ಸಾಲದೇ ಅಂತ ನಮ್ಮ ತಂಡದಲ್ಲೇ ಒಬ್ಬರು ಕೇಳಿದರು. ಇದೇ ಆರ್ಕಿಯ ನಿಜವಾದ ಬೆಲೆ ಇರುವ ಜಾಗ. ಪವರ್‌ಪಾಯಿಂಟ್‌ನಲ್ಲಿ 'ಲೆಕ್ಕಪತ್ರ' ಅಂತ ಹತ್ತು ಸ್ಲೈಡಿನಲ್ಲಿ ಬರೆದರೆ ಅವು ಹತ್ತು ಬೇರೆ ಬೇರೆ ಚೌಕ. ಆರ್ಕಿಯಲ್ಲಿ ಅದು ಒಂದೇ. ಮರದಲ್ಲಿ ಒಂದು ಸಲ ಇರುತ್ತದೆ, ಅದನ್ನು ಎಳೆದು ಎಷ್ಟು ಚಿತ್ರದಲ್ಲಿ ಬೇಕಾದರೂ ಇಡಬಹುದು. ಹೆಸರು ಒಂದು ಕಡೆ ಬದಲಿಸಿದರೆ ಎಲ್ಲಾ ಕಡೆ ಬದಲಾಗುತ್ತದೆ. ಸಂಬಂಧವೂ ಹಾಗೇ, ಒಂದು ಸಲ ಹೇಳಿದರೆ ಮಾಡೆಲ್‌ಗೆ ಗೊತ್ತು. ವಿಶುವಲೈಸರ್ ಅಂತ ಒಂದು ಕಿಟಕಿ ಇದೆ. ಯಾವುದೇ ಒಂದನ್ನು ಆರಿಸಿದರೆ ಅದಕ್ಕೆ ಅಂಟಿಕೊಂಡದ್ದೆಲ್ಲಾ ಜೇಡರ ಬಲೆಯ ಹಾಗೆ ಬಿಚ್ಚಿಕೊಳ್ಳುತ್ತದೆ, ಒಂದು ಹಂತ, ಎರಡು ಹಂತ, ಮೂರು ಹಂತ ಅಂತ ಆಳವನ್ನೂ ಹೆಚ್ಚಿಸಬಹುದು. ಆರು ತಿಂಗಳ ಮೇಲೆ ಸಂಗ್ರಹ ಕೇಂದ್ರದ ತಂತ್ರಾಂಶ ಬದಲಿಸುವ ಮಾತು ಬಂತು. 'ಇದನ್ನು ತೆಗೆದರೆ ಏನೇನು ನಿಲ್ಲುತ್ತದೆ' ಅಂತ ನಿರ್ದೇಶಕರು ಕೇಳಿದರು. ವಿಶುವಲೈಸರ್ ತೆರೆದು ಸಭೆಯಲ್ಲೇ ತೋರಿಸಿದೆ. ಅಲ್ಲಿದ್ದ ಯಾರೊಬ್ಬರ ತಲೆಯಲ್ಲೂ ಅಷ್ಟೂ ಒಟ್ಟಿಗೆ ಇರಲಿಲ್ಲ.

ಈಗ ಎಡವುವ ಜಾಗಗಳು. ಒಂದು, ಚಿತ್ರದಿಂದ ಅಳಿಸುವುದು ಬೇರೆ, ಮಾಡೆಲ್‌ನಿಂದ ಅಳಿಸುವುದು ಬೇರೆ. ಚಿತ್ರದಲ್ಲಿ ಚೌಕ ಆರಿಸಿ ಡಿಲೀಟ್ ಒತ್ತಿದರೆ ಆ ಹಾಳೆಯಿಂದ ಮಾತ್ರ ಹೋಗುತ್ತದೆ, ಮರದಲ್ಲಿ ಉಳಿದಿರುತ್ತದೆ. ಮರದಲ್ಲಿ ಅಳಿಸಿದರೆ ಎಲ್ಲಾ ಚಿತ್ರಗಳಿಂದಲೂ ಹೋಗುತ್ತದೆ. ನಮ್ಮ ತಂಡದಲ್ಲಿ ಹೊಸದಾಗಿ ಬಂದ ಹುಡುಗನೊಬ್ಬ ಮರ ಸ್ವಚ್ಛ ಮಾಡಲು ಹೋಗಿ ಮೂರು ವಾರದ ಕೆಲಸ ಕಳೆದುಕೊಳ್ಳುವುದರಲ್ಲಿದ್ದ, ಹಿಂದಿನ ದಿನದ ಪ್ರತಿ ಇದ್ದದ್ದರಿಂದ ಬಚಾವಾದೆವು. ಮರದಲ್ಲಿ ಹೆಸರು ಓರೆಯಾಗಿ ಕಂಡರೆ ಅದು ಯಾವ ಚಿತ್ರದಲ್ಲೂ ಇಲ್ಲ ಅಂತ ಅರ್ಥ, ಅಂಥವನ್ನು ಮಾತ್ರ ಅಳಿಸಿ, ಅದೂ ಒಮ್ಮೆ ಕೇಳಿ. ಎರಡು, ಇರುವ ಚೌಕವನ್ನು ಮರದಿಂದ ಎಳೆಯುವ ಬದಲು ಪೆಟ್ಟಿಗೆಯಿಂದ ಹೊಸದು ತಂದು ಅದೇ ಹೆಸರು ಬರೆಯುವುದು. ಹೀಗೆ ಮಾಡಿದರೆ ಪವರ್‌ಪಾಯಿಂಟ್‌ಗೂ ಇದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ವ್ಯಾಲಿಡೇಟರ್ ಓಡಿಸಿದರೆ ಒಂದೇ ಹೆಸರಿನ ಜೋಡಿಗಳನ್ನು ಹುಡುಕಿ ಕೊಡುತ್ತದೆ. ಶುಕ್ರವಾರ ಸಂಜೆ ಓಡಿಸುವುದು ನಮ್ಮ ಅಭ್ಯಾಸ.

ಇನ್ನೊಂದು ಬಾಣದ ವಿಷಯ, ಇದು ನನ್ನನ್ನು ತುಂಬಾ ದಿನ ಕಾಡಿತು. ಸರ್ವಿಂಗ್ ಅಂತ ಒಂದು ಸಂಬಂಧ ಇದೆ. ಲೆಕ್ಕಪತ್ರ ತಂತ್ರಾಂಶ ಹಣ ಪಾವತಿ ಪ್ರಕ್ರಿಯೆಗೆ ಸೇವೆ ಕೊಡುತ್ತದೆ. ಬಾಣದ ತುದಿ ಯಾವ ಕಡೆ? ಪ್ರೋಗ್ರಾಮಿಂಗ್ ಹಿನ್ನೆಲೆಯಿಂದ ಬಂದವರು ಯಾರು ಯಾರ ಮೇಲೆ ಅವಲಂಬಿಸಿದ್ದಾರೆ ಅಂತ ಯೋಚಿಸಿ ಪ್ರಕ್ರಿಯೆಯಿಂದ ತಂತ್ರಾಂಶದ ಕಡೆ ಎಳೆಯುತ್ತಾರೆ. ತಪ್ಪು. ಸೇವೆ ಪಡೆಯುವವರ ಕಡೆ ತುದಿ ಇರಬೇಕು. ಉಲ್ಟಾ ಎಳೆದರೂ ಆರ್ಕಿ ತಡೆಯುವುದಿಲ್ಲ, ಯಾಕೆಂದರೆ ಆ ಬಾಣಕ್ಕೂ ವ್ಯಾಕರಣದಲ್ಲಿ ಜಾಗ ಇದೆ, ಅರ್ಥ ಮಾತ್ರ ಬೇರೆ. ನಾನು ಒಂದು ತಿಂಗಳ ಚಿತ್ರಗಳನ್ನೆಲ್ಲಾ ಕೂತು ತಿರುಗಿಸಬೇಕಾಯಿತು. ಹಿಂಟ್ಸ್ ಕಿಟಕಿ ತೆರೆದಿಟ್ಟುಕೊಳ್ಳಿ, ಆರಿಸಿದ ಚಿಹ್ನೆಯ ಅರ್ಥವನ್ನು ಅಲ್ಲೇ ಕೊಡುತ್ತದೆ. ಇಂಗ್ಲಿಷಿನಲ್ಲೇ ಇದೆ, ಆದರೂ ಕೆಲಸಕ್ಕೆ ಬರುತ್ತದೆ.

ಕನ್ನಡದ ಮಾತು ಬಂತಲ್ಲ. ಚೌಕಗಳಿಗೆ ಕನ್ನಡದಲ್ಲೇ ಹೆಸರು ಕೊಟ್ಟೆ. ಕೇಂದ್ರದ ಕಾರ್ಯದರ್ಶಿಗಳು, ಲೆಕ್ಕಪತ್ರದವರು, ಎಲ್ಲರೂ ಓದಿ ತಪ್ಪು ಹೇಳಬೇಕಾದರೆ ಅವರ ಮಾತಿನಲ್ಲೇ ಇರಬೇಕು. 'ಹಾಲು ಸಂಗ್ರಹ', 'ದರ ಲೆಕ್ಕ', 'ಬಟವಾಡೆ'. ನಾನು ಪೇಮೆಂಟ್ ಪ್ರೋಸೆಸಿಂಗ್ ಅಂತ ಬರೆದಿದ್ದನ್ನು ಒಬ್ಬ ಕಾರ್ಯದರ್ಶಿ ಬಟವಾಡೆ ಅಂತ ತಿದ್ದಿದರು, ಆ ಒಂದು ಪದದಿಂದ ಸಭೆಯ ದಾರಿಯೇ ಬದಲಾಯಿತು. ಪರದೆಯ ಮೇಲೆ ಅಕ್ಷರ ಸರಿಯಾಗಿ ಮೂಡುತ್ತದೆ. ಎಚ್‌ಟಿಎಂಎಲ್ ವರದಿ ತೆಗೆದರೂ ಸರಿ ಬರುತ್ತದೆ, ಯಾವ ಬ್ರೌಸರ್‌ನಲ್ಲಿ ಬೇಕಾದರೂ ತೆರೆದು ಚೌಕದ ಮೇಲೆ ಕ್ಲಿಕ್ ಮಾಡಿ ವಿವರ ಓದಬಹುದು, ಆರ್ಕಿ ಹಾಕಿಕೊಳ್ಳಬೇಕಾಗಿಲ್ಲ. ಸಿಎಸ್‌ವಿ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಪಟ್ಟಿ) ತೆಗೆಯುವಾಗ ಮಾತ್ರ ಒಂದು ಕಿವಿಮಾತು: ಎನ್‌ಕೋಡಿಂಗ್ ಕೇಳುವ ಜಾಗದಲ್ಲಿ ಯುಟಿಎಫ್-8 ಬಾಮ್ ಆರಿಸಿ. ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಕನ್ನಡದ ಬದಲು ಚಿತ್ರವಿಚಿತ್ರ ಚಿಹ್ನೆ ಬರುತ್ತದೆ. ಎರಡು ದಿನ ಕೈಯಿಂದ ಟೈಪ್ ಮಾಡಿದ ಮೇಲೆ ನನಗಿದು ಗೊತ್ತಾಯಿತು, ನಿಮಗೆ ಆ ಕಷ್ಟ ಬೇಡ.

ಒಂದಕ್ಕಿಂತ ಹೆಚ್ಚು ಜನ ಒಟ್ಟಿಗೆ ಕೆಲಸ ಮಾಡುವುದರಲ್ಲಿ ಆರ್ಕಿ ಸ್ವಲ್ಪ ಹಿಂದೆ. ಗೂಗಲ್ ಡಾಕ್ಸ್ ಹಾಗೆ ಒಂದೇ ಚಿತ್ರವನ್ನು ಇಬ್ಬರು ಅದೇ ಕ್ಷಣದಲ್ಲಿ ತಿದ್ದಲು ಆಗುವುದಿಲ್ಲ. ಕೋಆರ್ಕಿ ಅಂತ ಉಚಿತ ಪ್ಲಗಿನ್ ಇದೆ, ಗಿಟ್ (ಫೈಲುಗಳ ಬದಲಾವಣೆ ದಾಖಲಿಸುವ ಸಾಧನ) ಮೇಲೆ ನಡೆಯುತ್ತದೆ, ಹಾಕಿಕೊಂಡರೆ ಪ್ರತಿಯೊಬ್ಬರೂ ತಮ್ಮ ಬದಲಾವಣೆ ಕಳಿಸಿ ಬೇರೆಯವರದ್ದು ತರಿಸಿಕೊಳ್ಳಬಹುದು. ಇಬ್ಬರೂ ಒಂದೇ ಚೌಕ ಮುಟ್ಟಿದ್ದರೆ ಯಾರದ್ದು ಇಟ್ಟುಕೊಳ್ಳಲಿ ಅಂತ ಕೇಳುತ್ತದೆ. ಗಿಟ್ ಬಲ್ಲವರಿಗೆ ಸುಲಭ, ಬಿಸಿನೆಸ್ ಅನಲಿಸ್ಟ್‌ಗಳಿಗೆ ಒಂದೆರಡು ವಾರ ಕಷ್ಟ. ದೊಡ್ಡ ಸಂಸ್ಥೆ, ಇಪ್ಪತ್ತು ಮೂವತ್ತು ಜನ ತಿದ್ದುವವರು, ಅನುಮೋದನೆಯ ಹಂತಗಳು, ಡ್ಯಾಶ್‌ಬೋರ್ಡ್ ಎಲ್ಲಾ ಬೇಕು ಅಂದರೆ ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶವೇ ಸರಿ. ಮೂರು ನಾಲ್ಕು ಜನರ ತಂಡಕ್ಕೆ ಇದು ಧಾರಾಳ.

ಚೌಕಟ್ಟಿನ ಕಡೆಗೆ ವಾಪಸ್ ಬರುತ್ತೇನೆ, ಯಾಕೆಂದರೆ ತಂತ್ರಾಂಶ ಕಲಿತವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಎಡಿಎಂನಲ್ಲಿ ಮೊದಲು ಪ್ರಿಲಿಮಿನರಿ ಅನ್ನುವ ಸಿದ್ಧತೆ, ಆಮೇಲೆ ಎ ಯಿಂದ ಎಚ್‌ವರೆಗೆ ಎಂಟು ಹಂತ, ಮಧ್ಯದಲ್ಲಿ ರಿಕ್ವೈರ್‌ಮೆಂಟ್ಸ್. ಎ ಅಂದರೆ ಏನು ಮಾಡಲು ಹೊರಟಿದ್ದೇವೆ ಅನ್ನುವ ಒಪ್ಪಂದ. ಬಿ, ಸಿ, ಡಿ ಮೂರರಲ್ಲಿ ಈಗಿನದ್ದು ಮತ್ತು ಮುಂದಿನದ್ದು ಬರೆಯುವುದು. ಇ, ಎಫ್ ನಲ್ಲಿ ಹೇಗೆ ಹೋಗುವುದು, ಯಾವ ಕ್ರಮದಲ್ಲಿ. ಜಿ ಅಂದರೆ ಕಟ್ಟುವಾಗ ಮೇಲೆ ಕಣ್ಣಿಡುವುದು. ಎಚ್ ಅಂದರೆ ಬದಲಾವಣೆ ಬಂದಾಗ ಏನು ಮಾಡುವುದು. ನಮ್ಮ ಐಎಫ್‌ಎಸ್‌ಸಿ ಕಥೆ ಪೂರ್ತಿ ಎಚ್‌ನ ಕಥೆ. ಹೊರಗಿನಿಂದ ಬದಲಾವಣೆ ಬಂತು, ಒಳಗೆ ಅದು ಎಲ್ಲೆಲ್ಲಿ ತಾಗುತ್ತದೆ ಅಂತ ಹೇಳುವವರಿರಲಿಲ್ಲ. ತರಗತಿಯಲ್ಲಿ ಎಚ್ ಹಂತಕ್ಕೆ ಕೊಟ್ಟಿದ್ದು ಹತ್ತು ನಿಮಿಷ.

ಇಷ್ಟನ್ನೂ ಅಕ್ಷರಶಃ ಮಾಡಬೇಕಾ? ಬೇಡ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇದು ನನ್ನ ಮಾತಲ್ಲ, ನಿಮ್ಮ ಸಂಸ್ಥೆಗೆ ತಕ್ಕಂತೆ ಕತ್ತರಿಸಿಕೊಳ್ಳಿ ಅಂತ ಟೋಗಾಫೇ ಹೇಳುತ್ತದೆ, ಪ್ರಿಲಿಮಿನರಿ ಹಂತದ ಕೆಲಸಗಳಲ್ಲಿ ಅದೂ ಒಂದು. ನಾವು ಉಳಿಸಿಕೊಂಡದ್ದು ನಾಲ್ಕೇ. ಒಂದು ಪುಟದ ವಿಷನ್. ಈಗಿನ ಚಿತ್ರ, ಮುಂದಿನ ಚಿತ್ರ. ಗ್ಯಾಪ್ ಪಟ್ಟಿ. ಮತ್ತೆ ಐದಾರು ಪ್ರಿನ್ಸಿಪಲ್, ಅಂದರೆ ಎಲ್ಲರೂ ಪಾಲಿಸಬೇಕಾದ ನಿಯಮ.

ಗ್ಯಾಪ್ ಪಟ್ಟಿಯ ಬಗ್ಗೆ ಹೇಳಲೇಬೇಕು. ಸಾಲುಗಳಲ್ಲಿ ಈಗ ಇರುವುದು, ಕಾಲಂಗಳಲ್ಲಿ ಮುಂದೆ ಬೇಕಾದ್ದು. ಕೊನೆಯಲ್ಲಿ 'ಹೊಸದು' ಅಂತ ಒಂದು ಸಾಲು, 'ಕೈಬಿಟ್ಟದ್ದು' ಅಂತ ಒಂದು ಕಾಲಂ. ಅಷ್ಟೇ. ಆದರೆ ಆ 'ಕೈಬಿಟ್ಟದ್ದು' ಕಾಲಂ ತುಂಬುವಾಗ ಒಂದು ಪ್ರಶ್ನೆ ಕೇಳಲೇಬೇಕಾಗುತ್ತದೆ: ಇದನ್ನು ಬೇಕೆಂದು ಬಿಟ್ಟೆವಾ, ಮರೆತು ಬಿಟ್ಟೆವಾ? ನಮ್ಮ ಪಟ್ಟಿಯಲ್ಲಿ ಆಹಾರ ಸಾಲದ ಕಂತು ಹಿಡಿದುಕೊಳ್ಳುವ ಕೆಲಸ ಆ ಕಾಲಂನಲ್ಲಿ ಬಂದು ಕುಳಿತಿತ್ತು. ಹೊಸ ವ್ಯವಸ್ಥೆಯ ಚಿತ್ರದಲ್ಲಿ ಅದು ಇರಲೇ ಇಲ್ಲ. ಮರೆತಿದ್ದೆವು. ಕಟ್ಟಿದ ಮೇಲೆ ಗೊತ್ತಾಗಿದ್ದರೆ ಏನಾಗುತ್ತಿತ್ತೋ. ಆರ್ಕಿಯಲ್ಲಿ ಪ್ಲಾಟೋ (ಒಂದು ಹಂತದ ಸ್ಥಿತಿ), ಗ್ಯಾಪ್ ಅಂತ ಚಿಹ್ನೆಗಳಿವೆ, ಆದರೆ ಈ ಪಟ್ಟಿಯನ್ನು ತಾನಾಗಿ ಮಾಡಿಕೊಡುವುದಿಲ್ಲ. ನಾವು ಸಿಎಸ್‌ವಿ ತೆಗೆದು ಎಕ್ಸೆಲ್‌ನಲ್ಲಿ ಮಾಡಿದೆವು. ಇದೊಂದು ಕೊರತೆ ಅಂತಲೇ ಹೇಳುತ್ತೇನೆ.

ಪ್ರಿನ್ಸಿಪಲ್ ಬರೆಯುವ ಅಚ್ಚು ಟೋಗಾಫ್‌ನಲ್ಲಿ ಚೆನ್ನಾಗಿದೆ. ಹೆಸರು, ಹೇಳಿಕೆ, ಕಾರಣ, ಪರಿಣಾಮ. ಕೊನೆಯದನ್ನು ಯಾರೂ ಬರೆಯುವುದಿಲ್ಲ, ಆದರೆ ಜೀವ ಇರುವುದು ಅಲ್ಲೇ. 'ರೈತರ ಬ್ಯಾಂಕ್ ವಿವರ ಒಂದೇ ಕಡೆ ತಿದ್ದಬೇಕು' ಅಂತ ಬರೆದೆವು. ಎಲ್ಲರೂ ತಲೆಯಾಡಿಸಿದರು. ಪರಿಣಾಮದಲ್ಲಿ 'ಇನ್ನುಮುಂದೆ ವಿಮೆ ವಿಭಾಗದವರು ತಮ್ಮ ಹಾಳೆಯಲ್ಲಿ ತಿದ್ದುವಂತಿಲ್ಲ' ಅಂತ ಬರೆದಾಗ ಜಗಳ ಶುರುವಾಯಿತು. ಎರಡು ಸಭೆ ಹಿಡಿಯಿತು. ಆ ಜಗಳ ಆಗಲೇಬೇಕಿತ್ತು, ಆದದ್ದು ಒಳ್ಳೆಯದಾಯಿತು.

ಬೇರೆ ಚೌಕಟ್ಟುಗಳನ್ನೂ ಸ್ವಲ್ಪ ನೋಡಿದ್ದೇನೆ. ಜಾನ್ ಝ್ಯಾಕ್‌ಮನ್ ಅವರದ್ದು ತುಂಬಾ ಹಳೆಯದು, 1987ರಲ್ಲಿ ಐಬಿಎಂನ ಪತ್ರಿಕೆಯಲ್ಲಿ ಬಂದದ್ದು. ಈಗಿನ ರೂಪದಲ್ಲಿ ಏನು, ಹೇಗೆ, ಎಲ್ಲಿ, ಯಾರು, ಯಾವಾಗ, ಯಾಕೆ ಅಂತ ಆರು ಕಾಲಂ. ಅದು ಕೆಲಸದ ಕ್ರಮ ಹೇಳುವುದಿಲ್ಲ, ಆದರೆ ಏನಾದರೂ ಬಿಟ್ಟಿದ್ದೇವಾ ಅಂತ ನೋಡಿಕೊಳ್ಳಲು ಅದರಷ್ಟು ಸುಲಭದ್ದು ಬೇರೆ ಇಲ್ಲ. ನಮ್ಮ ಮೊದಲ ಚಿತ್ರಗಳಲ್ಲಿ 'ಯಾವಾಗ' ಇರಲೇ ಇಲ್ಲ. ಹದಿನೈದು ದಿನದ ಬಟವಾಡೆ ಇರುವ ಸಂಸ್ಥೆಯಲ್ಲಿ ಅದಿಲ್ಲದೆ ಏನು ಪ್ರಯೋಜನ? ಭಾರತ ಸರ್ಕಾರದ್ದೂ ಒಂದಿದೆ, ಐಎನ್‌ಡಿಇಎ (ಇಂಡಿಯಾ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್), ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2018ರಲ್ಲಿ ತಂದದ್ದು. ಸರ್ಕಾರಿ ಯೋಜನೆಗೆ ಕೆಲಸ ಮಾಡುವವರು ಅದನ್ನು ಓದಲೇಬೇಕು. ಇದರ ಹಿಂದಿನ ಆಲೋಚನೆ ಕೈಯಲ್ಲಿ ಹಿಡಿದು ನೋಡಬೇಕಾದರೆ ನಮ್ಮ ರಾಜ್ಯದ ರೈತರ ನೋಂದಣಿ ವ್ಯವಸ್ಥೆ ಫ್ರೂಟ್ಸ್ ನೋಡಿ: ರೈತನಿಗೆ ಒಂದು ಎಫ್‌ಐಡಿ (ಗುರುತಿನ ಸಂಖ್ಯೆ), ಭೂಮಿಯ ಪಹಣಿ ವಿವರ ಅದಕ್ಕೆ ಜೋಡಣೆ, ಬೇರೆ ಬೇರೆ ಇಲಾಖೆಗಳು ಅದನ್ನೇ ಬಳಸುತ್ತವೆ. ಪ್ರತಿ ಇಲಾಖೆಯೂ ರೈತರ ಪಟ್ಟಿ ಬೇರೆ ಬೇರೆ ಇಟ್ಟುಕೊಳ್ಳುವ ಬದಲು ಒಂದನ್ನೇ ಹಂಚಿಕೊಳ್ಳುವುದು. ಡೇರಿಯ ಆ ಅಧಿಕಾರಿ ಕೇಳಿದ್ದೂ ಹೆಚ್ಚುಕಮ್ಮಿ ಇದನ್ನೇ, ಅವರಿಗೆ ಚೌಕಟ್ಟಿನ ಹೆಸರು ಗೊತ್ತಿರಲಿಲ್ಲ ಅಷ್ಟೇ.

ಐದಕ್ಕೆ ಎಷ್ಟು ಅಂತ ಕೇಳಿದರೆ ಆರ್ಕಿಗೆ ನಾಲ್ಕೂವರೆ. ಒಟ್ಟಿಗೆ ತಿದ್ದುವ ಕಷ್ಟಕ್ಕೆ, ಗ್ಯಾಪ್ ಪಟ್ಟಿ ಇಲ್ಲದ್ದಕ್ಕೆ ಅರ್ಧ ಕಳೆದೆ. ಹೊಸಬರಿಗೆ ನನ್ನ ಸಲಹೆ, ತರಬೇತಿಗೆ ದುಡ್ಡು ಕಟ್ಟುವ ಮುಂಚೆ ಒಂದು ವಾರ ಸುಮ್ನೆ ಇದನ್ನು ಹಾಕಿಕೊಂಡು ಕುಳಿತುಕೊಳ್ಳಿ. ಟೋಗಾಫ್ ಓದುವುದೂ ಸ್ವಂತ ಬಳಕೆಗೆ ಉಚಿತ, ಓಪನ್ ಗ್ರೂಪ್ ತಾಣದಲ್ಲೇ ಸಿಗುತ್ತದೆ. 10ನೇ ಆವೃತ್ತಿಯಲ್ಲಿ ಮುಖ್ಯ ಭಾಗವನ್ನು ಬೇರೆ, ಮಾರ್ಗದರ್ಶಿಗಳನ್ನು ಬೇರೆ ಮಾಡಿದ್ದಾರೆ. ಕೋರ್ ಕಾನ್ಸೆಪ್ಟ್ಸ್ ಮತ್ತು ಎಡಿಎಂ ಎರಡನ್ನು ಮಾತ್ರ ಮೊದಲು ಓದಿ. ಮನೆಯ ಹತ್ತಿರದ ಅಂಗಡಿಯೋ, ನಿಮ್ಮ ಕಚೇರಿಯ ರಜೆ ಅರ್ಜಿಯೋ, ಯಾವುದಾದರೂ ಒಂದು ನಿಜವಾದ ವಿಷಯ ತೆಗೆದುಕೊಳ್ಳಿ, ಹತ್ತು ಚೌಕ ಮೀರಬೇಡಿ. ಅದರಲ್ಲಿ ನಿಜವಾಗಿ ಕೆಲಸ ಮಾಡುವ ಒಬ್ಬರಿಗೆ ಪ್ರಿಂಟ್ ತೋರಿಸಿ, ಕೈಗೆ ಪೆನ್ಸಿಲ್ ಕೊಡಿ.